ವೈನ್ ಕಲಿಯೋಕೆ ಎಲ್ಲಿಂದ ಶುರು ಮಾಡ್ಲಿ? ಹುಳಿ, ಒಗರು ಬಿಟ್ರೆ ನನಗೇನೂ ಸಿಗ್ತಿಲ್ಲ

ಮೊದಲ ಗುಟುಕು:
ಎಲ್ಲರಿಗೂ ನಮಸ್ಕಾರ. ಈಚೆಗೆ ವೈನ್ ಮೇಲೆ ಕುತೂಹಲ ಹುಟ್ಟಿದೆ. ಕುಡಿದು ತೂರಾಡೋ ಆಸೆಯಿಂದಲ್ಲ. ದ್ರಾಕ್ಷಿ ಅನ್ನೋ ಒಂದೇ ಹಣ್ಣನ್ನ ಹಿಂಡಿ ಹುದುಗಿಸಿದ್ರೆ ಅಷ್ಟೊಂದು ಬಗೆ ಹೇಗಾಗುತ್ತೆ, ಅದರ ಮೇಲೆ ಜನ ಯಾಕಿಷ್ಟು ಬಡಿದಾಡ್ತಾರೆ ಅಂತ ತಿಳ್ಕೋಬೇಕು.

ತೊಂದರೆ ಏನಂದ್ರೆ, ಬಾಟಲಿ ಬೆನ್ನಿಗೆ "ಕರಿ ಚೆರ್ರಿ, ತೊಗಲು, ತಂಬಾಕು, ಒದ್ದೆ ಕಲ್ಲು" ಅಂತೆಲ್ಲ ಬರೆದಿರ್ತಾರೆ. ನಾನು ಕುಡಿದ್ರೆ ಬಿಳಿಯದು ಹುಳಿ, ಕೆಂಪಾದ್ರೆ ಹುಳಿ ಜೊತೆ ಒಗರು. ಅಲ್ಲಿಗೆ ಮುಗೀತು. ನನ್ನ ಮೂಗೇ ಸರಿ ಇಲ್ವಾ, ಇಲ್ಲಾ ಇದೆಲ್ಲ ಬರೆಯೋರ ಕವಿತ್ವನಾ? ಬಿಳಿಯಿಂದ ಶುರು ಮಾಡೋದಾ, ಕೆಂಪಿಂದನಾ? ಕೋರ್ಸು ಗೀರ್ಸು ಬೇಕಾ?

ಪೀಪಾಯಿ:
ಹುಳಿ, ಒಗರು ಎರಡನ್ನೂ ಬೇರೆಬೇರೆ ಮಾಡಿ ಹೇಳಿದೀರಲ್ಲ, ಶುರು ಆಗಿದೆ ಅಂತಲೇ ಲೆಕ್ಕ. ಚೆರ್ರಿ, ತೊಗಲು ಎಲ್ಲ ಸದ್ಯಕ್ಕೆ ಬದಿಗಿಡಿ. ಮೊದಲು ಹುಳಿ, ಸಿಹಿ, ಒಗರು, ಮದ್ಯದ ಬಿಸಿ, ಬಾಯಲ್ಲಿ ಅದರ ತೂಕ, ಇಷ್ಟನ್ನ ಅಳೆಯೋದು ರೂಢಿ ಮಾಡ್ಕೊಳ್ಳಿ.

ನುಂಗಿದ ಮೇಲೆ ಬಾಯಲ್ಲಿ ನೀರು ಎಷ್ಟೊತ್ತು ಊರುತ್ತೋ ಅಷ್ಟು ಹುಳಿ. ಒಗರು ಇದಕ್ಕೆ ಉಲ್ಟಾ, ವಸಡು ಮತ್ತು ಕೆನ್ನೆಯ ಒಳಭಾಗ ಒಣಗಿ ಒರಟಾಗುತ್ತೆ. ಅದು ಟ್ಯಾನಿನ್ ಕೆಲಸ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿಂದ ಬರುತ್ತೆ, ಓಕ್ ಪೀಪಾಯಿಯಿಂದಲೂ ಒಂದಿಷ್ಟು ಇಳಿಯುತ್ತೆ. ಎಂಜಲಲ್ಲಿರೋ ಪ್ರೋಟೀನನ್ನ ಅದು ಹಿಡ್ಕೊಂಡುಬಿಡುತ್ತೆ, ಬಾಯೊಳಗಿನ ಜಾರುತನ ಹೋಗುತ್ತೆ. ಹಾಲಿಲ್ಲದ ಕಡು ಚಹಾ ಒಂದು ಲೋಟ, ನಿಂಬೆ ಹಿಂಡಿದ ನೀರು ಒಂದು ಲೋಟ ಇಟ್ಕೊಂಡು ಒಂದಾದ ಮೇಲೊಂದು ಬಾಯಾಡಿಸಿ ನೋಡಿ. ಟ್ಯಾನಿನ್ ಯಾವುದು, ಹುಳಿ ಯಾವುದು ಅನ್ನೋದು ಆಮೇಲೆ ಮರೆಯಲ್ಲ.

ಸಿಹಿ ವಿಷಯದಲ್ಲಿ ಮಾತ್ರ ಮೋಸ ಇದೆ. ಹಣ್ಣಿನ ವಾಸನೆ ಜೋರಾಗಿದ್ರೆ ಸಕ್ಕರೆ ಇಲ್ಲದಿದ್ರೂ ಸಿಹಿ ಅನ್ನಿಸುತ್ತೆ. ಮೂಗು ಬಿಗಿಹಿಡಿದು ಕುಡಿಯಿರಿ. ಆಗ್ಲೂ ಚೆನ್ನಾಗಿ ಸಿಹಿ ಇದ್ರೆ ಸಕ್ಕರೆ ಉಳಿದಿದೆ ಅಂತ ಅರ್ಥ.

ಸುಮ್ನೆ ಓದುಗ:
ಸಿಹಿ ನಾಲಿಗೆ ತುದೀಲಿ, ಹುಳಿ ಪಕ್ಕದಲ್ಲಿ, ಕಹಿ ಹಿಂದ್ಗಡೆ. ಹಾಗೆ ಜಾಗ ನೋಡ್ಕೊಂಡು ಗಮನಿಸಿದ್ರೆ ಸುಲಭ. ಶಾಲೆ ಪುಸ್ತಕದಲ್ಲೇ ಚಿತ್ರ ಇತ್ತಲ್ಲ.

ಲ್ಯಾಬ್ ಕೋಟು:
ಆ ಚಿತ್ರ ತಪ್ಪು. 1901ರಲ್ಲಿ ಹೇನಿಗ್ ಅನ್ನೋ ಜರ್ಮನ್ ಸಂಶೋಧಕ ನಾಲಿಗೆಯ ಬೇರೆಬೇರೆ ಕಡೆ ಸೂಕ್ಷ್ಮತೆಯಲ್ಲಿ ಸಣ್ಣ ವ್ಯತ್ಯಾಸ ಇದೆ ಅಂತ ಬರೆದಿದ್ದ. ಅದನ್ನ ಮುಂದಿನವರು ಉಬ್ಬಿಸಿ ನಕ್ಷೆ ಮಾಡಿಟ್ರು. ರುಚಿಮೊಗ್ಗು ಇರೋ ಕಡೆಯೆಲ್ಲ ಎಲ್ಲ ರುಚಿಯೂ ಗೊತ್ತಾಗುತ್ತೆ. "ಈ ಗ್ಲಾಸು ವೈನನ್ನ ನಾಲಿಗೆಯ ಇಂಥ ಜಾಗಕ್ಕೇ ಬೀಳಿಸುತ್ತೆ" ಅನ್ನೋ ಮಾರಾಟದ ಮಾತೂ ಈ ನಕ್ಷೆ ಮೇಲೇ ನಿಂತಿತ್ತು.

ಗಾಳಿಪಟ:
ನೇರವಾಗಿ ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. ಈ ಚೆರ್ರಿ, ತೊಗಲು, ತಂಬಾಕು ಎಲ್ಲ ಬೊಗಳೆ. 2001ರಲ್ಲಿ ಫ್ರಾನ್ಸಿನ ವೈನ್ ಸೀಮೆ ಬೋರ್ಡೋದಲ್ಲೇ ಒಂದು ಪ್ರಯೋಗ ನಡೀತು. ಬಿಳಿ ವೈನ್‌ಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ 54 ಜನಕ್ಕೆ ಕೊಟ್ರು. ಎಲ್ಲ ಮಹಾನುಭಾವರೂ ಕೆಂಪು ವೈನ್‌ಗೆ ಹೇಳೋ ಮಾತುಗಳನ್ನೇ ಒದರಿದ್ರು. ಇನ್ನೇನು ಸಾಕ್ಷಿ ಬೇಕು? ಬಾಯಿಗೆ ಹಿತವಾದ್ರೆ ಕುಡಿಯಿರಿ, ಇಲ್ಲಾಂದ್ರೆ ಬಿಡಿ. ಕಲಿಯೋದೇನಿದೆ ಇದರಲ್ಲಿ?

ಅಡ್ಡಮಾತು:
ಒದ್ದೆ ಕಲ್ಲನ್ನ ಮೊದಲು ನೆಕ್ಕಿ ನೋಡಿದ ಪುಣ್ಯಾತ್ಮ ಯಾರು ಅಂತ ಯಾರಾದ್ರೂ ಹೇಳಿ ಆಮೇಲೆ ಮುಂದುವರಿಯಿರಿ.

ಲ್ಯಾಬ್ ಕೋಟು:
@ಗಾಳಿಪಟ, ಪ್ರಯೋಗ ನಡೆದದ್ದು ನಿಜ, ನೀವು ಎಳೆದ ತೀರ್ಮಾನ ಬೇರೆ. ಆ 54 ಜನ ವೈನ್ ತಯಾರಿಕೆ ಓದುತ್ತಿದ್ದ ವಿದ್ಯಾರ್ಥಿಗಳು. ಕಣ್ಣಿಗೆ ಕಂಡ ಬಣ್ಣ ಮೂಗಿನ ತೀರ್ಪನ್ನ ಎಳೆದಾಡುತ್ತೆ ಅಂತ ಅದು ತೋರಿಸಿತು. ಗ್ಲಾಸಿನಲ್ಲಿ ವಾಸನೆಯೇ ಇಲ್ಲ ಅಂತ ತೋರಿಸಲಿಲ್ಲ.

ವಾಸನೆಗಳಿಗೆ ಹೆಸರು ಹಿಡಿದು ಹೇಳಬಹುದಾದ ಅಣುಗಳಿವೆ. ಶಿರಾಜ್ ಅನ್ನೋ ಕೆಂಪು ವೈನ್‌ನಲ್ಲಿ ಕಾಳುಮೆಣಸಿನ ಘಾಟು ಬರುತ್ತಲ್ಲ, ಅದು ರೊಟಂಡೋನ್. 2008ರಲ್ಲಿ ಆಸ್ಟ್ರೇಲಿಯಾದವರು ಪತ್ತೆ ಮಾಡಿದ್ರು. ನಿಜವಾದ ಕಾಳುಮೆಣಸಿನಲ್ಲೂ ಅದೇ ಇದೆ. ಕ್ಯಾಬರ್ನೆ ಸೊವಿನ್ಯೋನ್ ಅನ್ನೋ ಕೆಂಪು ಮತ್ತು ಸೊವಿನ್ಯೋನ್ ಬ್ಲಾಂಕ್ ಅನ್ನೋ ಬಿಳಿ ವೈನ್‌ನಲ್ಲಿ ಹಸಿ ದಪ್ಪಮೆಣಸಿನಕಾಯಿ ವಾಸನೆ ಬಂದ್ರೆ ಅದು ಪೈರಜೀನ್. ಶಾರ್ಡೊನೇ ಅನ್ನೋ ಬಿಳಿ ವೈನ್ ಕೆಲವದರಲ್ಲಿ ಬರೋ ಬೆಣ್ಣೆ ವಾಸನೆ ಡೈಅಸಿಟೈಲ್, ಚೂಪಾದ ಮ್ಯಾಲಿಕ್ ಆಮ್ಲವನ್ನ ಬ್ಯಾಕ್ಟೀರಿಯಾ ಮೆತ್ತನೆಯ ಲ್ಯಾಕ್ಟಿಕ್ ಆಮ್ಲ ಮಾಡೋವಾಗ ಹುಟ್ಟೋದು. ಇದ್ಯಾವುದೂ ಕವಿತ್ವ ಅಲ್ಲ.

ಕೇಳಿದವರಿಗೆ ಸಮಾಧಾನ ಆಗೋ ಒಂದು ವಿಷಯ. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ರೊಟಂಡೋನ್ ತಟ್ಟೋದೇ ಇಲ್ಲ. ಪಕ್ಕದವರು ಮೆಣಸು ಮೆಣಸು ಅಂತ ಕೂಗ್ತಿದ್ದಾಗ ನಿಮಗೆ ಏನೂ ಬರದಿದ್ರೆ ಇಬ್ಬರೂ ಸತ್ಯವನ್ನೇ ಹೇಳ್ತಿರಬಹುದು.

@ಅಡ್ಡಮಾತು, ಕಲ್ಲಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಬೇರು ನೆಲದ ಬಂಡೆಯ ರುಚಿಯನ್ನ ಹೀರಿ ಹಣ್ಣಿಗೆ ಕಳಿಸುತ್ತೆ ಅನ್ನೋದನ್ನ ಭೂವಿಜ್ಞಾನಿಗಳು ಒಪ್ಪಲ್ಲ. ಬಂಡೆಗೆ ತನ್ನದೇ ವಾಸನೆ ಅಂತಿಲ್ಲ.

ಗಾಳಿಪಟ:
ಅಣು ಇರಬಹುದು ಸ್ವಾಮಿ. "ಹಳೇ ಗ್ರಂಥಾಲಯದ ತೊಗಲು ಕುರ್ಚಿ" ಅಂತ ಬರೆಯೋನಿಗೆ ಆ ಅಣು ಗೊತ್ತಾ? ನನ್ನ ಜಗಳ ಅವನ ಜೊತೆ.

ಒಣದ್ರಾಕ್ಷಿ:
ಅವನ ಜೊತೆ ನನಗೂ ಜಗಳ ಇದೆ, ಆದರೆ ಅವನ ಸಿಟ್ಟಿಗೆ ಹೊಸಬರನ್ನ ಯಾಕೆ ಓಡಿಸ್ತೀರಿ?

@ಮೊದಲ ಗುಟುಕು, ಒಂದೇ ವೈನನ್ನ ಒಂಟಿಯಾಗಿ ಕುಡಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಎರಡು ಗ್ಲಾಸು ಪಕ್ಕಪಕ್ಕ ಇಡಿ. ಓಕ್ ಪೀಪಾಯಿ ಮುಟ್ಟದ ಸೊವಿನ್ಯೋನ್ ಬ್ಲಾಂಕ್ ಒಂದು, ಓಕ್ ಪೀಪಾಯಿಯಲ್ಲಿ ಇಟ್ಟು ಹದವಾದ ಶಾರ್ಡೊನೇ ಒಂದು. ಮೊದಲನೆಯದರಲ್ಲಿ ಹಸಿರು ವಾಸನೆ, ಚುರುಕು ಹುಳಿ. ಎರಡನೆಯದರಲ್ಲಿ ವೆನಿಲಾ, ಬೆಣ್ಣೆ, ಬಾಯಿ ತುಂಬೋ ತೂಕ. ಹೆಸರು ಹೊಳೆಯದಿದ್ರೂ ಎರಡೂ ಒಂದೇ ಅಲ್ಲ ಅನ್ನೋದು ಖಂಡಿತ ಹೊಳೆಯುತ್ತೆ. ಆಮೇಲೆ ಕೆಂಪಿನಲ್ಲಿ ಪಿನೋ ನ್ವಾರ್ ಪಕ್ಕ ಕ್ಯಾಬರ್ನೆ ಸೊವಿನ್ಯೋನ್. ಒಂದು ತೆಳು ಸಿಪ್ಪೆಯ ಹಣ್ಣು, ಒಂದು ದಪ್ಪ ಸಿಪ್ಪೆಯದು. ಪೀಪಾಯಿಯವರು ಹೇಳಿದ ಟ್ಯಾನಿನ್ ವ್ಯತ್ಯಾಸ ಅಲ್ಲೇ ಕಾಣುತ್ತೆ, ಬಣ್ಣದಲ್ಲೂ ಕಾಣುತ್ತೆ.

ವಾಸನೆಗೆ ಮಾತು ಸಿಗದಿದ್ರೆ ಮೊದಲು ದೊಡ್ಡ ಗುಂಪು ಕೇಳ್ಕೊಳ್ಳಿ. ಹಣ್ಣಾ? ಹೂವಾ? ಮಸಾಲೆಯಾ? ಹಣ್ಣಾದ್ರೆ ನಿಂಬೆ ಜಾತಿಯಾ, ಮಾವು ಅನಾನಸ್ ಜಾತಿಯಾ? ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ಇದೇ ಕ್ರಮದಲ್ಲಿ ಒಂದು ಪರಿಮಳ ಚಕ್ರ ಮಾಡಿದ್ರು. ಒಳಗಿನ ವೃತ್ತದಲ್ಲಿ ಗುಂಪು, ಹೊರಗೆ ಹೋದಂತೆ ಬಿಡಿ ಹೆಸರು. ಅದು ಪಕ್ಕದಲ್ಲಿದ್ರೆ ಒದ್ದಾಟ ಕಡಿಮೆ. ಮತ್ತೆ ಬಾಟಲಿ ಹಿಂದಿನ ಬರಹವನ್ನ ಮೊದಲೇ ಓದಬೇಡಿ ದಯವಿಟ್ಟು. ಓದಿದ್ರೆ ಅದೇ ವಾಸನೆ ಬರೋಕೆ ಶುರುವಾಗುತ್ತೆ.

ಬಯಲು ಗಾಳಿ:
ಅಲ್ರಿ, ಎಲ್ಲಾರೂ ಮೂಗಿನ ಬಗ್ಗೆನೇ ಮಾತಾಡಾಕತ್ತೀರಿ, ತಂಪಿನ ಬಗ್ಗೆ ಒಬ್ಬರೂ ಸೊಲ್ಲೆತ್ತವಲ್ರಿ. ಕೆಂಪು ವೈನ್ ಬಿಸಿ ಆದ್ರ ಬರೇ ಸ್ಪಿರಿಟ್ ಘಾಟು ಹೊಡಿತೈತಿ. ಅತೀ ತಂಪಾದ್ರ ಒಗರು ಏರ್ತೈತಿ. ಗಟ್ಟಿ ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12, ಗುಳ್ಳಿ ಇರೋದಕ್ಕ 6ರಿಂದ 8 ಇರಬೇಕ್ರಿ. "ಕೆಂಪು ವೈನ್ ಕೋಣೆಯ ಉಷ್ಣತೆಯೊಳಗ ಕುಡೀಬೇಕು" ಅಂತ ಹೇಳ್ತಾರಲ್ಲ, ಆ ಕೋಣೆ ಹೀಟರ್ ಇಲ್ಲದ ಕಾಲದ ಚಳಿ ದೇಶದ ಕೋಣೆ. ಬೆವರು ಸುರಿಯೋ ಕೋಣ್ಯಾಗ ಕುಂತು ಅದನ್ನ ಪಾಲಿಸಿದ್ರ ಹೆಂಗ? ಕುಡಿಯೋ ಮುಂಚೆ ಸ್ವಲ್ಪ ಹೊತ್ತು ಫ್ರಿಜ್‌ನ್ಯಾಗ ಇಡ್ರಿ. ಹೊಸಬರ ಅರ್ಧ ತಕರಾರು ಅಲ್ಲೇ ಮುಗಿತೈತಿ.

ಮೊದಲ ಗುಟುಕು:
ಉಷ್ಣತೆ ವಿಷಯ ತಲೆಗೇ ಹೊಳೆದಿರಲಿಲ್ಲ. ಚಹಾ ಮತ್ತು ನಿಂಬೆ ನೀರು ಈಗಲೇ ಮಾಡಿ ನೋಡಿದೆ. ಎರಡಕ್ಕೂ ಬಾಯಿ ಸೆಟೆದುಕೊಳ್ಳುತ್ತೆ, ಆದ್ರೆ ಕಾರಣ ಬೇರೆಬೇರೆ ಅಂತ ಈಗ ಸ್ಪಷ್ಟ.

ಇನ್ನೊಂದು. ಕೆಲವು ಬಾಟಲಿ ಮೇಲೆ ದ್ರಾಕ್ಷಿ ಹೆಸರೇ ಇರಲ್ಲ, ಬರೀ ಊರ ಹೆಸರು. ಅದನ್ನ ಹೇಗೆ ಓದೋದು? ಗ್ಲಾಸ್ ಒಳಗೆ ದಪ್ಪ ಹನಿಗಳು ನಿಧಾನಕ್ಕೆ ಇಳಿದ್ರೆ ಒಳ್ಳೇ ವೈನ್ ಅಂತಾರೆ, ಅದು ನಿಜವಾ?

ಕಡಲ ತಡಿ:
ಹನಿಗೂ ಒಳ್ಳೇದು ಕೆಟ್ಟದ್ದಕ್ಕೂ ಸಂಬಂಧ ಇಲ್ಲ ಮಾರಾಯ್ರೆ. ಗಾಜಿಗೆ ಅಂಟಿದ ತೆಳು ಪದರದಿಂದ ಮದ್ಯ ಬೇಗ ಆರಿಹೋಗ್ತದೆ, ಅಲ್ಲಿ ಉಳಿದದ್ದರ ಮೇಲ್ಮೈ ಎಳೆತ ಹೆಚ್ಚಾಗ್ತದೆ, ಅದು ಕೆಳಗಿನ ವೈನನ್ನು ಮೇಲೆ ಎಳೀತದೆ. ಭಾರ ಆದ ಮೇಲೆ ಹನಿಯಾಗಿ ಇಳೀತದೆ. ಜೇಮ್ಸ್ ಥಾಮ್ಸನ್ 1855ರಲ್ಲೇ ಇದನ್ನು ವಿವರಿಸಿ ಆಗಿದೆ. ಮದ್ಯದ ಅಂಶ ಹೆಚ್ಚುಂಟು ಅಂತ ಅಂದಾಜು ಮಾಡ್ಲಿಕ್ಕೆ ಆಗ್ತದೆ, ಅಷ್ಟೆ. ಹನಿ ನೋಡಿ ತಲೆ ಆಡಿಸುವವರನ್ನು ಕಂಡ್ರೆ ನೀವೂ ಸುಮ್ಮನೆ ತಲೆ ಆಡಿಸಿ, ಜಗಳಕ್ಕೆ ಹೋಗ್ಬೇಡಿ.

ಬಿರಡೆ:
ಲೇಬಲ್ ಪ್ರಶ್ನೆಗೆ ಉತ್ತರ. ಯುರೋಪಿನ ಹಳೇ ಸೀಮೆಗಳಲ್ಲಿ ಯಾವ ಊರಲ್ಲಿ ಯಾವ ದ್ರಾಕ್ಷಿ ಬೆಳೀಬೇಕು ಅಂತ ಕಾನೂನೇ ಇದೆ. ಹಾಗಾಗಿ ಊರ ಹೆಸರು ಹೇಳಿದ್ರೆ ದ್ರಾಕ್ಷಿಯನ್ನೂ ಹೇಳಿದ ಹಾಗೆ ಅನ್ನೋದು ಅವರ ಲೆಕ್ಕ. ಶಾಬ್ಲಿ ಅಂದ್ರೆ ಶಾರ್ಡೊನೇ. ಬಿಳಿ ಸಾನ್ಸೇರ್ ಅಂದ್ರೆ ಸೊವಿನ್ಯೋನ್ ಬ್ಲಾಂಕ್. ಬರೋಲೋ ನೆಬಿಯೋಲೋ. ಕೆಂಪು ಬರ್ಗಂಡಿ ಬಹುಪಾಲು ಪಿನೋ ನ್ವಾರ್. ಕೆಂಪು ರಿಯೋಹಾದಲ್ಲಿ ಟೆಂಪ್ರನಿಯೋ ಮುಂದಾಳು. ಬೋರ್ಡೋ ಕೆಂಪು ಸಾಮಾನ್ಯವಾಗಿ ಮಿಶ್ರಣ, ಕ್ಯಾಬರ್ನೆ ಸೊವಿನ್ಯೋನ್ ಮತ್ತು ಮೆರ್ಲೋ ಮುಖ್ಯ. ಒಟ್ಟಿಗೆ ಉರುಹಚ್ಚೋಕೆ ಹೋಗ್ಬೇಡಿ, ಕುಡಿದ ಬಾಟಲಿಯದ್ದು ಮಾತ್ರ ಬರೆದಿಟ್ಕೊಳ್ಳಿ.

ಅಂದ ಹಾಗೆ, ಬೆಳೆಯೋರಿಗೇ ದ್ರಾಕ್ಷಿ ಗುರುತು ತಪ್ಪುತ್ತೆ. ಚಿಲಿಯಲ್ಲಿ ಮೆರ್ಲೋ ಅಂದ್ಕೊಂಡು ಬೆಳೀತಿದ್ದದ್ದರಲ್ಲಿ ಬಹಳಷ್ಟು ಕಾರ್ಮೆನೇರ್ ಅಂತ 1994ರಲ್ಲಿ ಬೂರ್ಸಿಕೋ ಅನ್ನೋ ಫ್ರೆಂಚ್ ತಜ್ಞ ತೋಟದಲ್ಲಿ ನಿಂತು ಗುರುತು ಹಿಡಿದ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರು ತಿನ್ನೋ ಹೇನು ಫ್ರಾನ್ಸಿನ ತೋಟಗಳನ್ನ ನೆಲಕಚ್ಚಿಸಿದ ಮೇಲೆ ಆ ತಳಿ ಅಲ್ಲಿ ಹೆಚ್ಚುಕಡಿಮೆ ಮರೆಯಾಗಿತ್ತು. ಇತ್ತ ಚಿಲಿಯಲ್ಲಿ ಬೇರೆ ಹೆಸರಲ್ಲಿ ಹಾಯಾಗಿತ್ತು.

ಅಡ್ಡಮಾತು:
ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದು ಒಂದು ಕೆಂಪು ಮತ್ತು ಒಂದು ಬಿಳಿ ದ್ರಾಕ್ಷಿಗೆ ಅಂತ ಎಲ್ಲೋ ಓದಿದ್ದೆ. ಪುರಾಣನಾ ಇದು?

ಲ್ಯಾಬ್ ಕೋಟು:
ಪುರಾಣ ಅಲ್ಲ. ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್. 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯ್ತು. ಮೇಲೆ ಹೇಳಿದ ಪೈರಜೀನ್ ಈ ಕುಟುಂಬದಲ್ಲೆಲ್ಲ ಸಿಗುತ್ತೆ.

ನಿದ್ದೆಗೇಡಿ:
ಇದೆಲ್ಲ ಇರಲಿ, ಕೆಂಪು ವೈನ್ ಕುಡಿದ್ರೆ ನನಗೆ ತಲೆನೋವು. ಸಲ್ಫೈಟ್ (ವೈನ್ ಕೆಡದಂತೆ ಹಾಕೋ ವಸ್ತು) ಇಲ್ಲದ್ದನ್ನ ಹುಡುಕಿ ಕುಡಿಯಿರಿ ಅಂತಾರೆ. ಹೊಸಬರೂ ಇದನ್ನ ಗಮನಿಸಲಿ.

ಪೀಪಾಯಿ:
ಸಲ್ಫೈಟೇ ಕಾರಣ ಆಗಿದ್ರೆ ಬಿಳಿ ವೈನ್ ಕುಡಿದಾಗ ಇನ್ನೂ ಜೋರಾಗಿ ನೋಯಬೇಕಿತ್ತು. ಯುರೋಪಿನ ನಿಯಮದಲ್ಲಿ ಒಣ ಕೆಂಪಿಗೆ (ಒಣ ಅಂದ್ರೆ ಸಿಹಿ ಇಲ್ಲದ್ದು) ಲೀಟರಿಗೆ 150 ಮಿಲಿಗ್ರಾಂ ಮಿತಿ, ಒಣ ಬಿಳಿಗೆ 200. ಹುದುಗುವಾಗ ಯೀಸ್ಟೇ ಸ್ವಲ್ಪ ಮಾಡುತ್ತೆ, ಹಾಗಾಗಿ ಒಂಚೂರೂ ಇಲ್ಲದ ವೈನ್ ಸಿಗೋದು ಕಷ್ಟ. ಆಸ್ತಮಾ ಇರೋ ಕೆಲವರಿಗೆ ಸಲ್ಫೈಟ್ ತೊಂದರೆ ಕೊಡುತ್ತೆ, ಅದು ಬೇರೆ ಮಾತು.

ಲ್ಯಾಬ್ ಕೋಟು:
ಕೆಂಪು ವೈನ್ ತಲೆನೋವಿಗೆ ಇನ್ನೂ ಒಪ್ಪಿತ ಉತ್ತರ ಇಲ್ಲ. 2023ರಲ್ಲಿ ಡೇವಿಸ್‌ನವರು ಸಿಪ್ಪೆಯಲ್ಲಿರೋ ಕ್ವರ್ಸೆಟಿನ್ ಮೇಲೆ ಬೊಟ್ಟು ಮಾಡಿದ್ರು. ಮದ್ಯ ಒಡೆದಾಗ ಹುಟ್ಟೋ ಅಸಿಟಾಲ್ಡಿಹೈಡನ್ನ ದೇಹ ಹೊರಹಾಕೋದಕ್ಕೆ ಅದರಿಂದ ಅಡ್ಡಿ ಆಗಬಹುದು ಅಂತ. ಅದು ಪ್ರಯೋಗಶಾಲೆಯ ಪರೀಕ್ಷೆ, ಮನುಷ್ಯರ ಮೇಲಲ್ಲ.

ಗಾಳಿಪಟ:
ನಿದ್ದೆಗೇಡಿಯವರೇ, ಕುಡಿಯೋದು ಬಿಟ್ರೆ ತಲೆನೋವೂ ಇಲ್ಲ. ಕೆಂಪು ವೈನ್ ಹೃದಯಕ್ಕೆ ಒಳ್ಳೇದು ಅಂತ ಇನ್ನು ಯಾರೋ ಬರ್ತಾರೆ ನೋಡಿ.

ಸುಮ್ನೆ ಓದುಗ:
ಒಳ್ಳೇದೇ ಅಲ್ವಾ? ಫ್ರೆಂಚರು ದಿನಾ ಕುಡೀತಾರೆ, ಹೃದಯ ಗಟ್ಟಿ ಅಂತ ಎಲ್ಲ ಕಡೆ ಬರ್ತಿತ್ತು.

ಗಾಳಿಪಟ:
ಬಂದ್ರು.

ಪೀಪಾಯಿ:
ಈ ಒಂದು ವಿಷಯದಲ್ಲಿ ಗಾಳಿಪಟದ ಜೊತೆ ನಿಲ್ತೀನಿ. ಮದ್ಯದ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಮದ್ಯ ಒಂದನೇ ಗುಂಪಿನ, ಅಂದ್ರೆ ಖಚಿತವಾದ ಕ್ಯಾನ್ಸರ್‌ಕಾರಕ, ಅದೂ 1988ರಿಂದ. ಆರೋಗ್ಯಕ್ಕಾಗಿ ಅಂತ ಯಾರೂ ಶುರು ಮಾಡಬೇಡಿ. ರುಚಿ ಕಲಿಯೋಕೆ ನುಂಗಲೇಬೇಕು ಅಂತಿಲ್ಲ. ವೃತ್ತಿಯವರು ಬಾಯಾಡಿಸಿ ಉಗೀತಾರೆ, ಹಾಗಾಗೇ ಒಂದೇ ಕೂತಿಗೆ ಅಷ್ಟೊಂದು ವೈನ್ ತೂಗಿ ನೋಡೋಕೆ ಆಗುತ್ತೆ. ಉಗಿಯೋಕೆ ನಾಚಿಕೆ ಪಡಬೇಡಿ.

ಅಡ್ಡಮಾತು:
ದುಡ್ಡು ಕೊಟ್ಟು ತಂದು ಉಗಿಯೋದಾ! ಕಲಿಕೆ ಬಹಳ ಕಠಿಣ ಇದೆ.

ಒಣದ್ರಾಕ್ಷಿ:
ದುಡ್ಡಿನ ಮಾತು ಬಂದದ್ದು ಒಳ್ಳೇದಾಯ್ತು. ಬೆಲೆ ಗೊತ್ತಿಲ್ಲದೆ ರುಚಿ ನೋಡೋದನ್ನ ರೂಢಿ ಮಾಡ್ಕೊಳ್ಳಿ. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು 2008ರಲ್ಲಿ ಒಂದೇ ವೈನನ್ನ ಎರಡು ಬೇರೆ ಬೆಲೆ ಹೇಳಿ ಕೊಟ್ಟಿದ್ರು. ದುಬಾರಿ ಅಂತ ಹೇಳಿದಾಗ ಜನ ಹೆಚ್ಚು ಇಷ್ಟಪಟ್ರು, ಸುಳ್ಳಲ್ಲ, ಮೆದುಳಿನ ಸ್ಕ್ಯಾನ್‌ನಲ್ಲೂ ಹಾಗೇ ಕಾಣಿಸ್ತು. ಗೆಳೆಯರು ಯಾರಾದ್ರೂ ಇದ್ರೆ ಬಾಟಲಿಗೆ ಕಾಗದ ಸುತ್ತಿ ಸುರಿಯೋಕೆ ಹೇಳಿ. ಮೂರು ಗ್ಲಾಸಲ್ಲಿ ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಅಂತ ಹಿಡೀಬೇಕು. ಅಷ್ಟೇ ಆಟ. ಚೆರ್ರಿ ತೊಗಲು ಏನೂ ಹೇಳಬೇಕಿಲ್ಲ.

ಬಿರಡೆ:
ಹೀಗೆ ಲೇಬಲ್ ನೋಡದೆ ರುಚಿ ನೋಡೋದನ್ನ ಬ್ಲೈಂಡ್ ಅಂತಾರೆ. ಬ್ಲೈಂಡ್ ಅಂದ್ರೆ 1976ರ ಪ್ಯಾರಿಸ್ ನೆನಪಾಗುತ್ತೆ. ಮೇ 24ರಂದು ಸ್ಟೀವನ್ ಸ್ಪರಿಯರ್ ಅನ್ನೋ ಬ್ರಿಟಿಷ್ ವ್ಯಾಪಾರಿ ಫ್ರೆಂಚ್ ತೀರ್ಪುಗಾರರನ್ನ ಕೂರಿಸಿ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನ ಲೇಬಲ್ ಮುಚ್ಚಿ ರುಚಿ ನೋಡಿಸಿದ. ಬಿಳಿಯಲ್ಲಿ ಶಾಟೋ ಮಾಂಟಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಎರಡೂ ಕ್ಯಾಲಿಫೋರ್ನಿಯಾದವು, ಎರಡೂ 1973ರವು, ಮೊದಲ ಸ್ಥಾನಕ್ಕೆ ಬಂದವು.

ಗಾಳಿಪಟ:
ನೋಡಿದ್ರಾ? ಪರಿಣತರಿಗೇ ತಮ್ಮ ದೇಶದ ವೈನ್ ಗೊತ್ತಾಗಲಿಲ್ಲ. ನಾನು ಹೇಳಿದ್ದೂ ಅದನ್ನೇ.

ಬಿರಡೆ:
ಅವರ ಕೆಲಸ ದೇಶ ಪತ್ತೆಹಚ್ಚೋದಲ್ಲ, ಅಂಕ ಕೊಡೋದು. ಹೆಸರಿಲ್ಲದ ವೈನ್‌ಗೆ ತಮ್ಮ ನಾಲಿಗೆ ನಂಬಿ ಹೆಚ್ಚು ಅಂಕ ಕೊಟ್ರು. ನನಗಂತೂ ಇದು ರುಚಿ ನೋಡುವವರ ಗೆಲುವು ಅನ್ಸುತ್ತೆ, ಲೇಬಲ್ಲಿನ ಸೋಲು. ಒಂದೇ ಪುರಾವೆ ಹಿಡ್ಕೊಂಡು ಇಬ್ಬರೂ ಎರಡು ಕಡೆ ಎಳೀತಿದೀವಿ, ಎಳೀರಿ.

ಕಡಲ ತಡಿ:
ಕೋರ್ಸಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ? ಲಂಡನ್ನಿನಲ್ಲಿ 1969ರಲ್ಲಿ ಶುರುವಾದ ಡಬ್ಲ್ಯುಎಸ್‌ಇಟಿ ಅಂತ ಸಂಸ್ಥೆ ಉಂಟು, ಹಂತ ಹಂತವಾಗಿ ಪರೀಕ್ಷೆ ಮಾಡ್ತದೆ. ಬಣ್ಣ, ವಾಸನೆ, ಹುಳಿ, ಟ್ಯಾನಿನ್ ಎಲ್ಲದಕ್ಕೂ ಕ್ರಮವಾಗಿ ಟಿಪ್ಪಣಿ ಬರೆಯುವ ಅಭ್ಯಾಸ ಅಲ್ಲಿ ಚೆನ್ನಾಗಿ ಆಗ್ತದೆ. ಆದ್ರೆ ಕುತೂಹಲ ಮಾತ್ರ ಇರುವವರಿಗೆ ಈಗಲೇ ಬೇಡ. ಪುಟ್ಟ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ಇಷ್ಟವಾಯಿತಾ, ಯಾಕೆ. ಆ "ಯಾಕೆ"ಗೆ ಉತ್ತರ ಬರೆಯುವಾಗಲೇ ಪಾಠ ಆಗುವುದು.

ಬಯಲು ಗಾಳಿ:
ಕೆಟ್ಟ ವೈನ್ ಗುರುತು ಹಿಡಿಯೋದನ್ನೂ ಕಲೀರಿ. ಒದ್ದಿ ರಟ್ಟಿನ ವಾಸನಿ, ಹಣ್ಣಿನ ವಾಸನಿ ಮಾಯ ಆಗೇತಿ ಅಂದ್ರ ಬಿರಡೆ ಕೆಟ್ಟಿರ್ತೈತಿ. ಟಿಸಿಎ ಅನ್ನೋ ವಸ್ತು ಅದು, ಲಕ್ಷ ಕೋಟಿಯೊಳಗ ಕೆಲವೇ ಭಾಗ ಇದ್ರೂ ಮೂಗಿಗೆ ಬಡಿತೈತಿ. ಹೊಸಬರು "ನನಗ ವೈನ್ ಸೇರಂಗಿಲ್ಲ" ಅನ್ನೋದು ಎಷ್ಟೋ ಸಲ ಇಂಥ ಬಾಟಲಿ ಕುಡಿದಾಗ. ತಿರುಪು ಮುಚ್ಚಳದ ಬಾಟಲಿಗೆ ಬಿರಡೆಯಿಂದ ಬರೋ ಈ ಕಾಟ ಇಲ್ಲ.

ನಿದ್ದೆಗೇಡಿ:
ತಿರುಪು ಮುಚ್ಚಳ ಅಂದ್ರೆ ಅಗ್ಗದ ಮಾಲು ಅಲ್ವಾ?

ಬಿರಡೆ:
ನನ್ನ ಹೆಸರಿಗೆ ವಿರುದ್ಧವಾಗಿಯೇ ಹೇಳ್ತೀನಿ, ಅಲ್ಲ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ಅನ್ನೋ ಬಿಳಿ ವೈನಿನ ಒಳ್ಳೊಳ್ಳೆ ತಯಾರಕರು 2000ದ ಸುಗ್ಗಿಯಿಂದ ಒಟ್ಟಾಗಿ ತಿರುಪಿಗೆ ಹೋದ್ರು. ನ್ಯೂಜಿಲೆಂಡ್‌ನಲ್ಲಿ ಈಗ ಬಿರಡೆಯೇ ಅಪರೂಪ.

ಮೊದಲ ಗುಟುಕು:
ಬಹಳ ಸಿಕ್ತು, ಥ್ಯಾಂಕ್ಸ್. ಒಣದ್ರಾಕ್ಷಿಯವರ ಜೋಡಿಗಳನ್ನೇ ಮೊದಲು ಹಿಡೀತೀನಿ. ಆದ್ರೆ ಎರಡೆರಡು ಬಾಟಲಿ ತೆಗೆದ್ರೆ ಉಳಿದದ್ದನ್ನ ಏನು ಮಾಡೋದು? 750 ಮಿಲಿ ಬಾಟಲಿ ಐದು ಗ್ಲಾಸು ಆಗುತ್ತೆ, ನಾನೊಬ್ಬನೇ.

ಒಣದ್ರಾಕ್ಷಿ:
ಮುಚ್ಚಿ ಫ್ರಿಜ್ಜಲ್ಲಿಡಿ. ಕೆಂಪನ್ನೂ. ಮೂರರಿಂದ ಐದು ದಿನ ಸಾಮಾನ್ಯವಾಗಿ ತಡೆಯುತ್ತೆ. ಗಾಳಿ ಕಡಿಮೆ ಇದ್ದಷ್ಟೂ ಒಳ್ಳೇದು, ಆದ್ದರಿಂದ ಅರ್ಧ ಬಾಟಲಿಯನ್ನ ತೆಗೆದ ತಕ್ಷಣ ಸಣ್ಣ ಸೀಸೆಗೆ ತುಂಬಿಸಿ ಇಟ್ರೆ ಇನ್ನೂ ಚೆನ್ನ. ದಿನಾ ಒಂದು ಗುಟುಕು ನೋಡಿ, ಹಣ್ಣಿನ ವಾಸನೆ ಹೇಗೆ ಮಂಕಾಗುತ್ತೆ ಅಂತ ತಿಳಿಯೋದೂ ಒಂದು ಪಾಠ.

ಅಡ್ಡಮಾತು:
ತೆಗೆದಿಟ್ರೂ ಕೆಡದ ವೈನ್ ಯಾವುದೂ ಇಲ್ವಾ? ಸೋಮಾರಿಗಳಿಗೆ ಅಂತ.

ಕಡಲ ತಡಿ:
ಉಂಟು, ಮದೀರಾ. ಪೋರ್ಚುಗಲ್‌ನ ಮದೀರಾ ದ್ವೀಪದ್ದು. ಹಿಂದೆ ಹಡಗಿನಲ್ಲಿ ಉಷ್ಣವಲಯ ದಾಟಿ ಹೋಗುವಾಗ ಪೀಪಾಯಿ ಕಾದು ಕಾದು ರುಚಿ ಬದಲಾಯಿತು, ಜನರಿಗೆ ಅದೇ ಹಿಡಿಸಿತು. ಈಗ ಬೇಕಂತಲೇ ಬಿಸಿ ಮಾಡ್ತಾರೆ. ಸಾಧಾರಣದ್ದನ್ನು ತೊಟ್ಟಿಯಲ್ಲಿ 45ರಿಂದ 50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು, ಒಳ್ಳೆಯದನ್ನು ಬೆಚ್ಚಗಿನ ಅಟ್ಟದಲ್ಲಿ ವರ್ಷಗಟ್ಟಲೆ. ಗಾಳಿಯೂ ಬಿಸಿಯೂ ಮಾಡುವಷ್ಟು ಹಾನಿ ಮೊದಲೇ ಮಾಡಿ ಆಗಿರ್ತದೆ, ಮೇಲೆ ಸ್ಪಿರಿಟ್ ಬೇರೆ ಸೇರಿಸಿರ್ತಾರೆ. ಬಿರಡೆ ತೆಗೆದ ಮೇಲೂ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ.

ಸುಮ್ನೆ ಓದುಗ:
ಅದು ಸಿಹಿನಾ? ನನಗೆ ಸಿಹಿ ಆಗಲ್ಲ.

ಕಡಲ ತಡಿ:
ನಾಲ್ಕು ಹೆಸರಾಂತ ದ್ರಾಕ್ಷಿ, ನಾಲ್ಕು ಮಟ್ಟದ ಸಿಹಿ. ಸೆರ್ಸಿಯಲ್ ಎಲ್ಲಕ್ಕಿಂತ ಒಣ, ಆಮೇಲೆ ವೆರ್ಡೆಲ್ಯೋ, ಬುವಾಲ್, ಕೊನೆಗೆ ಮಾಮ್ಸಿ ಪೂರ್ತಿ ಸಿಹಿ. ನೀವು ಸೆರ್ಸಿಯಲ್ ಹಿಡ್ಕೊಳ್ಳಿ. ಹುಳಿ ಜೋರುಂಟು, ತಣ್ಣಗೆ ಮಾಡಿ ಕುಡಿಯಿರಿ.